ಖಾದರ್ ಸಾಬರ ಬಳ್ಳಾರಿ ದೀಪ

ಶುಕ್ರವಾರ, ಬೆಳಿಗ್ಗೆ ಎಂಟು ಗಂಟೆ. ಕುರುಗೋಡಿನ ಬಸ್ ನಿಲ್ದಾಣದ ಹಿಂದಿನ ತಗಡಿನ ಶೆಡ್ಡು. ಹಾಜರಿದ್ದವರು ಮೂವರು: ಶೆಡ್ಡು ನಡೆಸುತ್ತಿದ್ದ ಖಾದರ್ ಸಾಬರು, ಅಲ್ಲಿ ಕೆಲಸಕ್ಕಿದ್ದ ಹಂಪಮ್ಮ, ನಿವೃತ್ತ ಡ್ರಿಲ್ ಮಾಸ್ತರನಾದ ನಾನು. ನಾವಿಬ್ಬರು ಕೂತಿದ್ದೆವು. ಸಾಬರು ಎಂದಿನಂತೆ ಬಾಗಿಲಿಂದ ಮೇಜಿಗೆ, ಮೇಜಿಂದ ಬಾಗಿಲಿಗೆ ಓಡಾಡುತ್ತಿದ್ದರು. ಸಂಜೆಯ ಬಸ್ಸಿಗೆ ಅವರು ಊರು ಬಿಡುವವರಿದ್ದರು. ಅಷ್ಟರೊಳಗೆ ಶೆಡ್ಡು ಖಾಲಿಯಾಗಬೇಕಿತ್ತು.

ಅವರು ಕೂತದ್ದನ್ನು ನಾನು ಕಂಡವನೇ ಅಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದಾಗಲೂ ಎದೆಯೆತ್ತರದ ಮೇಜು ಮಾಡಿಸಿಕೊಂಡು ನಿಂತೇ ಕೆಲಸ ಮಾಡುತ್ತಿದ್ದರು. ಚಹಾ ಕುಡಿಯುವುದೂ ಓಣಿಯಲ್ಲಿ ಅಡ್ಡಾಡುತ್ತಲೇ. ನಾನು ಗದರಿದರೆ, "ಕುಂತ್ರ ನಿದ್ದಿ ಬರ್ತೈತಿ ಮಾಸ್ತರ. ನಿದ್ದಿ ಬಂತಂದ್ರ ಚೀನಾದವ ಒಳಗ ಬರ್ತಾನ" ಎನ್ನುತ್ತಿದ್ದರು.

ಅವರು ನಿಂತೇ ಇದ್ದರೂ ಚೀನಾ ಮಾಲು ಬಂತು. ಟಾರ್ಚು, ಆಟಿಕೆ, ಅಂಗೈಯಗಲದ ರೇಡಿಯೋ ಎಲ್ಲ ಓಣಿಯಲ್ಲಿ ರಾಶಿ ಬಿದ್ದವು. ಕೆಟ್ಟರೆ ಜನ ಎಸೆದರು, ರಿಪೇರಿಗೆ ತರಲಿಲ್ಲ. ಸಾಬರ ಮೇಜು ಬರಿದಾಯಿತು.

ಗಣಿಯ ಭರಾಟೆಯ ಕಾಲ ಅದು. ಒಂದು ದಿನ ನನ್ನನ್ನು ಸ್ಕೂಟರ್ ಹತ್ತಿಸಿಕೊಂಡು ಕುಡತಿನಿಯ ಕಡೆಗೆ ಹೊರಟವರು, ದಾರಿಯಲ್ಲಿ ಅದಿರು ಲಾರಿಗಳ ಸಾಲಿನ ಪಕ್ಕ ನಿಲ್ಲಿಸಿದರು. ಅದಿರಿನ ಧೂಳಿಗೆ ಇಬ್ಬರ ಮುಖವೂ ಕೆಂಪಾಗಿತ್ತು.

"ನೋಡ್ರಿ ಮಾಸ್ತರ, ನಮ್ಮ ಮಣ್ಣು ಹಡಗ ಹತ್ತಿ ಚೀನಾಕ್ಕ ಹೋಗ್ತೈತಿ. ಅಲ್ಲಿಂದ ಬ್ಯಾಟ್ರಿ ದೀಪ ಆಗಿ ಬ್ರೂಸ್‌ಪೇಟಿಗೆ ಬರ್ತೈತಿ. ಆ ಕೆಲಸ ಇಲ್ಲೇ ಯಾಕ ಆಗಬಾರದು?"

"ಮಣ್ಣಿಂದ ದೀಪ ಮಾಡಾಕ ಎಷ್ಟು ದೊಡ್ಡ ಕಾರ್ಖಾನಿ ಬೇಕು ಗೊತ್ತೈತೇನು ಸಾಬ್ರ?"

"ಮಣ್ಣಿನ ಮಾತು ಬಿಡ್ರಿ. ಮೊದಲು ದೀಪದಿಂದ ಚಾಲೂ ಮಾಡೂಣು" ಎಂದು ಸ್ಕೂಟರ್ ಒದ್ದರು.

ಬಳ್ಳಾರಿಯಲ್ಲಿ ಗಣಿಯವರ ದುಡ್ಡಿಗೆ ಬಾಡಿಗೆ ಏರಿತ್ತು. ಅದಕ್ಕೇ ಸಾಬರು ಕುರುಗೋಡಿನಲ್ಲಿ ಈ ಶೆಡ್ಡು ಹಿಡಿದರು. ರಾತ್ರಿ ಗದ್ದೆಗೆ ನೀರು ಹಾಯಿಸಲು ಹೋಗುವ ರೈತರಿಗಾಗಿ ಚಾರ್ಜ್ ಮಾಡುವ ದೀಪ ತಯಾರಿಸುವುದೆಂದಾಯಿತು. ಬಲ್ಬು, ಬ್ಯಾಟರಿ ಮದ್ರಾಸಿನಿಂದ ಬರುತ್ತಿದ್ದವು, ಅವೂ ಚೀನಾದವೇ. ಡಬ್ಬಿ, ವಯರು, ಜೋಡಣೆ ಮಾತ್ರ ನಮ್ಮದು. ಬೆರಳು ಚುರುಕಿರುವವರು ಬೇಕೆಂದು ಸಾಬರು ಜೀನ್ಸ್ ಹೊಲಿಗೆ ಘಟಕದ ಹೆಂಗಸರನ್ನು ಕರೆತಂದರು; ಹಂಪಮ್ಮ ಅವರಲ್ಲೊಬ್ಬಳು. ವೇಳೆಗೆ ಸರಿಯಾಗಿ ಕೆಲಸ ಶುರುವಾಗಲು, ನಿಲ್ಲಲು ನನ್ನ ಸೀಟಿ. ಆ ಕೆಲಸ ನನಗೆ ಹಿಡಿಸಿತು.

ಮೊದಲ ದೊಡ್ಡ ಮಾಲು ಸಿರುಗುಪ್ಪದ ಅಂಗಡಿಕಾರ ವೀರಭದ್ರಪ್ಪನಿಗೆ. ಕಾಲುವೆಗೆ ನೀರು ಬಿಡುವ ಹೊತ್ತು. ಶನಿವಾರ ಮಧ್ಯಾಹ್ನದೊಳಗೆ ತಲುಪದಿದ್ದರೆ ಚೀನಾ ದೀಪವನ್ನೇ ತುಂಬಿಸುವೆನೆಂದು ಅವನು ಮೊದಲೇ ಹೇಳಿದ್ದ. ಬ್ಯಾಟರಿ ಬಂದದ್ದೇ ಅದರ ಹಿಂದಿನ ರಾತ್ರಿ. ಶನಿವಾರ ಬೆಳಿಗ್ಗೆ ಅದನ್ನು ಕೂರಿಸಲು ಸಾಬರು ಒಂದು ದೀಪ ಎತ್ತಿಕೊಂಡರು. ತಿರುಗಿಸಿ ನೋಡಿದರು. ಇನ್ನೊಂದನ್ನು ಎತ್ತಿದರು.

"ಹಂಪಮ್ಮ, ಬ್ಯಾಟ್ರಿಗಂತ ಎರಡು ವಯರು ಜೋತು ಬಿಟ್ಟಿದ್ನಲ್ಲ, ಎಲ್ಲಿ ಅವು?"

"ಕತ್ತರ್ಸೀವಿ ಅಣ್ಣಾ" ಎಂದಳು ಹಂಪಮ್ಮ, ಹೆಮ್ಮೆಯಿಂದ. "ಎಲ್ಲಾ ಪೀಸು ಸಾಫ್ ಅದಾವ. ಒಂದು ಎಳಿ ಹೊರಗ ಕಾಣಂಗಿಲ್ಲ."

ಜೀನ್ಸ್ ಘಟಕದಲ್ಲಿ ದಾರ ಜೋತುಬಿದ್ದ ಪ್ಯಾಂಟು ವಾಪಸು ಬರುತ್ತದೆ. ಜೋತುಬಿದ್ದದ್ದನ್ನು ಕಂಡರೆ ಆ ಕೈಗಳು ತಾವಾಗಿಯೇ ಕತ್ತರಿಸುತ್ತವೆ. ಬುಡಸಹಿತ ಕತ್ತರಿಸಿದ್ದರು, ಎಲ್ಲ ದೀಪಗಳದ್ದೂ.

ಸಾಬರು ಮೇಜಿನ ಸುತ್ತ ಗಿರಕಿ ಹೊಡೆದರು. "ಅದು ದಾರ ಅಲ್ಲವ್ವಾ, ದೀಪದ ಕರುಳು!"

"ಕರುಳು ಹೊರಗ ಬಿಟ್ಟು ಯಾರರ ಹೊಲೀತಾರೇನಣ್ಣಾ?" ಎಂದಳು ಹಂಪಮ್ಮ.

ಎಲ್ಲರೂ ನಕ್ಕರು. ಸಾಬರೂ ನಕ್ಕರು, ಆದರೆ ಅವರ ಕಣ್ಣು ಬಾಗಿಲ ಕಡೆಗಿತ್ತು. ಅಲ್ಲಿಯವರೆಗೆ ಯಾರಿಗೂ ಮುಟ್ಟಲು ಬಿಡದ ವಯರು ಬೆಸೆಯುವ ಕರೆಂಟಿನ ಕಡ್ಡಿಯನ್ನು ಅಂದು ಹಂಪಮ್ಮನ ಕೈಗಿಟ್ಟು ಕಲಿಸಿದರು. ಸರದಿಯಲ್ಲಿ ವಯರು ಹಚ್ಚಿ ಮುಗಿಸಿ ಸಿರುಗುಪ್ಪ ಮುಟ್ಟಿದಾಗ ಭಾನುವಾರ ಸಂಜೆ. ವೀರಭದ್ರಪ್ಪನ ಅಂಗಡಿಯಲ್ಲಿ ಚೀನಾ ದೀಪಗಳು ಸಾಲಾಗಿ ನಿಂತಿದ್ದವು.

ನಮ್ಮದೊಂದನ್ನು ಬಿಚ್ಚಿ ನೋಡಿ ಅವನೆಂದ: "ಡಬ್ಬಿ ನಿಮ್ದು, ಒಳಗಿನ ಜೀವ ಅವರ್ದು. ಇಷ್ಟಕ್ಕ ಯಾಕ ಹೊಡದಾಡ್ತೀರಿ ಸಾಬ್ರ?"

"ಇವತ್ತು ಡಬ್ಬಿ, ನಾಳಿ ಜೀವ. ಅವರೂ ಹಿಂಗ ಚಾಲೂ ಮಾಡಿರಬೇಕಲ್ಲ?"

"ಹಂಗಾರ ನಾಳೀನ ಬರ್ರಿ."

ಅವನು ಕೊಳ್ಳದ ಮಾಲನ್ನು ಸಾಬರು ದೇಶನೂರಿನ ಗದ್ದೆಗಳ ಬದುವಿನ ಮೇಲೆ ನಡೆದು ಒಂದೊಂದೇ ಮಾರಿದರು. ಕೆಸರಿಗೆ ಎಸೆದು, ಎತ್ತಿ, ಉರಿಸಿ ತೋರಿಸಿದರು. ಕೊಂಡವರು ಮೆಚ್ಚಿದರು. ಆದರೆ ಒಂದೊಂದೇ ಮಾರಿದರೆ ಶೆಡ್ಡು ನಡೆಯದು. ಹೆಂಗಸರು ಒಬ್ಬೊಬ್ಬರಾಗಿ ಜೀನ್ಸಿಗೆ ಮರಳಿದರು, ಹಂಪಮ್ಮ ಒಬ್ಬಳು ಉಳಿದಳು. ಅಷ್ಟರಲ್ಲಿ ಮದ್ರಾಸಿನ ಹತ್ತಿರ ವಿದೇಶಿ ಕಂಪನಿಯೊಂದು ಫೋನಿನ ಕಾರ್ಖಾನೆ ತೆರೆದ ಸುದ್ದಿ ಬಂತು. ಸಾಬರಿಗೆ ಅಲ್ಲಿ ಕೆಲಸ ಸಿಕ್ಕಿತು.

ಊರು ಬಿಡುವ ಆ ಶುಕ್ರವಾರ ಸಾಮಾನು ಕಟ್ಟುತ್ತ ಅವರೆಂದರು: "ಕೆಲಸ ಚೀನಾ ಬಿಟ್ಟು ಹೊರಗ ಬರಾಕತ್ತೈತಿ ಮಾಸ್ತರ. ನಾ ಸುಳ್ಳು ಹೇಳಿರ್ಲಿಲ್ಲ. ಆದ್ರ ಬಂದರಿನ ಮಗ್ಗಲಕ ಇಳೀತು, ಬಳ್ಳಾರಿ ತನಕ ಬರ್ಲಿಲ್ಲ. ಅದು ಬರ್ಲಿಲ್ಲಂದ್ರ ನಾನ ಹೋಗಬೇಕಲ್ಲ?"

ಸಂಜೆ ಕಸ ಗುಡಿಸುತ್ತಿದ್ದ ಹಂಪಮ್ಮನಿಗೆ ಮೇಜಿನಡಿ ಒಂದು ದೀಪ ಸಿಕ್ಕಿತು. ಅಂದು ಕತ್ತರಿಸಿದವುಗಳಲ್ಲಿ ಒಂದು. ನಮ್ಮ ಕಣ್ತಪ್ಪಿ ಉಳಿದಿತ್ತು.

"ಚೀಲಕ್ಕ ಒಗಿ ಅತ್ತಾಗ. ಬಸ್ಸಿನ ಹೊತ್ತಾತು" ಎಂದರು ಸಾಬರು.

"ಬಸ್ಸು ಬರ್ಲಿ. ಕಡ್ಡಿ ಕೊಡ್ರಿ ಅಣ್ಣಾ. ಕತ್ತರ್ಸಿದಾಕಿ ನಾನ, ಹಚ್ಚಾಕಿನೂ ನಾನ."

ಸಾಬರು ಕಟ್ಟಿದ್ದ ಗಂಟು ಬಿಚ್ಚಿ ಕಡ್ಡಿ, ಒಂದು ಬ್ಯಾಟರಿ ಕೊಟ್ಟರು. ಕಡ್ಡಿ ಕಾಯಲು ಹೊತ್ತು ಹಿಡಿಯಿತು. ಅವರು ಬಾಗಿಲಿಗೆ ಹೋದರು, ಬಂದರು, ಮತ್ತೆ ಹೋದರು. ಹಂಪಮ್ಮ ಕೆಂಪು ವಯರು ಹಚ್ಚಿ ಕಪ್ಪನ್ನು ಕೈಗೆತ್ತಿಕೊಂಡಾಗ ನೋಡುತ್ತೇನೆ, ಸಾಬರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತಿದ್ದಾರೆ. ಮೊಣಕಾಲ ಮೇಲೆ ಎರಡು ಕೈ, ಅವಳ ಬೆರಳ ಮೇಲೆ ಕಣ್ಣು.

ದೀಪ ಹತ್ತಿತು.

"ಕಡ್ಡಿ ನಿನ್ನ ಹಂತ್ಯಾಕ ಇರ್ಲಿ" ಎಂದು ಅವರು ಎದ್ದರು. ಬಸ್ಸು ಹಾರನ್ ಹಾಕಿತು. ಆಮೇಲೆ ಅವರನ್ನು ನಾನು ಕಾಣಲಿಲ್ಲ.

ಹಂಪಮ್ಮ ಕಡ್ಡಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, ದೀಪ ಹಿಡಿದು ಬಾಗಿಲಲ್ಲಿ ನಿಂತಳು. "ಸೀಟಿ ಹೊಡೀರಿ ಮಾಸ್ತರ" ಎಂದಳು.

ಹೊಡೆದೆ. ಬೀಗ ಹಾಕಿ, ಎಳೆದು ನೋಡಿ, ಬೀಗದ ಕೈಯನ್ನು ಶೆಡ್ಡಿನ ಮಾಲೀಕರ ಮನೆಗೆ ಮುಟ್ಟಿಸಿದೆ.