ಪ್ರಾಸ್ತಾವಿಕ ನುಡಿ ಮತ್ತು ಮೂಡಗಾಳಿ

ಆ ಭಾನುವಾರ ಯಾವುದೆಂಬುದನ್ನು ಇತ್ಯರ್ಥ ಮಾಡಿಕೊಳ್ಳದೆ ಮುಂದಿನದನ್ನು ಬರೆಯಲು ನನ್ನಿಂದಾಗದು. ಶಾಸನಗಳ ಕಾಲನಿರ್ಣಯದಲ್ಲೇ ನೌಕರಿ ಸವೆಸಿದವನು ನಾನು. ನಿವೃತ್ತಿಯ ಅನಂತರ ಬೇರೇನೂ ಸಿಗದೆ ನನ್ನ ಬದುಕಿನ ಮೇಲೆಯೇ ಕೈಯಿಟ್ಟಿದ್ದೇನೆ. ಲಕಮನಹಳ್ಳಿಯ ಆಚೆ, ಆಗಿನ್ನೂ ಕಟ್ಟಡಗಳು ಏಳದಿದ್ದ ಒಂದು ಬಯಲಿನಲ್ಲಿ ರಿಮೋಟ್ ವಿಮಾನಗಳ ಪ್ರದರ್ಶನ ನಡೆದದ್ದು ತೊಂಬತ್ತರ ದಶಕದ ಕೊನೆಯ ಒಂದು ಚಳಿಗಾಲದಲ್ಲಿ. ಅಂದು ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಒಂದು ಲಗ್ನವಿತ್ತು. ಧನುರ್ಮಾಸದಲ್ಲಿ ನಮ್ಮಲ್ಲಿ ಲಗ್ನ ಮಾಡುವುದಿಲ್ಲ, ಆದ್ದರಿಂದ ಸಂಕ್ರಾಂತಿ ಕಳೆದಿತ್ತು. ಬಯಲಿನ ಅಂಚಿನಲ್ಲಿ ಹಿಂಗಾರಿ ಜೋಳ ಇನ್ನೂ ನಿಂತಿತ್ತು, ಆದ್ದರಿಂದ ಶಿವರಾತ್ರಿ ಬಂದಿರಲಿಲ್ಲ. ಇಸವಿಗಾಗಿ ಅಂದು ಮದುವೆಯಾದ ದಂಪತಿಯನ್ನೇ ಹೋಗಿ ಕೇಳಿದೆ. ಗಂಡ ಒಂದು ಹೇಳಿದರು, ಹೆಂಡತಿ ಇನ್ನೊಂದು ಹೇಳಿದರು. ಇಂಥ ವಿಷಯದಲ್ಲಿ ಹೆಂಡತಿಯ ಹೇಳಿಕೆಯೇ ಹೆಚ್ಚು ನಂಬಲರ್ಹ ಎಂಬುದು ಸಂಶೋಧನೆಯ ನಿಯಮವಲ್ಲ, ಅನುಭವದ ನಿಯಮ. ಆದರೂ ಎರಡನೆಯ ಆಧಾರ ದೊರೆಯುವವರೆಗೆ ಇಸವಿಯನ್ನು ಬರೆಯಲಾರೆ.

ನನ್ನನ್ನು ಅಲ್ಲಿಗೆ ಕರೆದೊಯ್ದವರು ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ಸ್ನೇಹಿತರೊಬ್ಬರು. ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿಯ ಅಂಗಡಿ ಇಟ್ಟಿದ್ದ ಅಣ್ಣತಮ್ಮಂದಿರಲ್ಲಿ ಅವರು ತಮ್ಮ. ಕೂಡುಕುಟುಂಬ, ಮನೆಯಲ್ಲೂ ಅಂಗಡಿಯಲ್ಲೂ ಅಣ್ಣನದೇ ಮಾತು. ತಮ್ಮನಿಗೆ ಐವತ್ತರ ಹತ್ತಿರ ವಯಸ್ಸಾದ ಮೇಲೆ ವಿಮಾನದ ಹುಚ್ಚು ಹಿಡಿಯಿತು. ಮಹಡಿಯ ಮೇಲಿನ ಕೋಣೆಯಲ್ಲಿ, ಬಾಲ್ಸಾ ಎಂಬ ಬೆಂಡಿನಷ್ಟು ಹಗುರವಾದ ಕಟ್ಟಿಗೆಯನ್ನು ಬ್ಲೇಡಿನಿಂದ ಕೊಯ್ದು, ಅಂಟಿಸಿ, ಮೇಲೆ ಕೆಂಪು ತೆಳು ಹಾಳೆ ಹೊದಿಸಿ, ಒಂದಿಡೀ ಮಳೆಗಾಲ ಕೂತು ಒಂದು ವಿಮಾನ ಕಟ್ಟಿದ್ದರು. ಅದರ ಮೂತಿಗೊಂದು ಪುಟ್ಟ ಎಂಜಿನ್. ಅಂಟಿನ ವಾಸನೆ ನಮ್ಮ ಮನೆಯವರೆಗೂ ಬರುತ್ತಿತ್ತು. ಅಣ್ಣನ ಬೈಗುಳವೂ ಬರುತ್ತಿತ್ತು.

“ಪ್ಯಾಟ್ಯಾಗ ಮಂದಿ ಏನಂತಾರ ಗೊತ್ತೈತೇನು? ಸಾವ್ಕಾರ್ರ ತಮ್ಮ ಗಿರಿಗಿಟ್ಟಿ ಆಡಾಕತ್ತಾನ ಅಂತಾರ.”

“ಗಿರಿಗಿಟ್ಟಿ ಅಲ್ಲ ಅಣ್ಣಾ, ವಿಮಾನ.”

“ಹಾರಿದ್ರ ವಿಮಾನ. ಇಲ್ಲಾಂದ್ರ ಒಲಿಗೆ ಹಾಕೂ ಕಟಗಿ.”

ಕಡೆಗೆ ಅಣ್ಣ ಒಂದು ಷರತ್ತು ಹಾಕಿದರು. ಪ್ರದರ್ಶನದಲ್ಲಿ ನಾಲ್ಕು ಮಂದಿಯ ಎದುರು ಅದು ಹಾರಬೇಕು, ಮುರಿಯದೆ ಇಳಿಯಬೇಕು. ಹಾಗಾದರೆ ಭಾನುವಾರ ತಮ್ಮನ ಸ್ವಂತದ್ದು. ಆಗದಿದ್ದರೆ ವಿಮಾನ, ಎಂಜಿನ್, ಅಂಟು, ಎಲ್ಲವೂ ಮನೆಯಿಂದ ಹೊರಗೆ. ಮಹಡಿಯ ಕೋಣೆಯಲ್ಲಿ ಶೇಂಗಾ ಚೀಲ. ತಮ್ಮ ಒಪ್ಪಿದರು. ಅವರು ಅಣ್ಣನ ಯಾವ ಮಾತಿಗೂ ಒಲ್ಲೆ ಅಂದವರಲ್ಲ.

ಇಷ್ಟಾಗಿದ್ದರೆ ನನಗೂ ಈ ಕಥೆಗೂ ಸಂಬಂಧ ಬರುತ್ತಿರಲಿಲ್ಲ. ಆದರೆ ಅಣ್ಣನಿಗೆ ಪುರಾಣ, ಪ್ರವಚನಗಳೆಂದರೆ ಪ್ರಾಣ. ಅವರ ಮನಸ್ಸು ಹದವಾಗಿರಲೆಂದು ತಮ್ಮ ಒಂದು ಉಪಾಯ ಹೂಡಿದರು.

“ಸರ, ಪ್ರಾಸ್ತಾವಿಕ ನೀವ ಮಾಡಬೇಕ್ರಿ. ಸಣ್ಣದು. ಅಣ್ಣಾಗ ನಾಲ್ಕ ಛಲೋ ಮಾತು ಕಿವಿಗೆ ಬಿದ್ರ ಸಾಕು.”

ವಿಮಾನ ಹಾರಿಸಲು ಪ್ರಾಸ್ತಾವಿಕ ನುಡಿ ಏಕೆಂದು ಪರವೂರಿನವರು ಕೇಳಬಹುದು. ಧಾರವಾಡದಲ್ಲಿ ಯಾರೂ ಕೇಳುವುದಿಲ್ಲ. ಇಲ್ಲಿ ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ, ಈ ನಾಲ್ಕೂ ಆಗದೆ ಒಂದು ಬಾವಿ ತೋಡುವುದೂ ಅಸಿಂಧು. ನಾನು ಹದಿನೈದು ದಿನ ಗ್ರಂಥಾಲಯದಲ್ಲಿ ಕೂತು ಸಿದ್ಧನಾದೆ. ಪುಷ್ಪಕದಿಂದ ಆರಂಭಿಸುವುದು ಅವೈಜ್ಞಾನಿಕವೆಂದು ಬಿಟ್ಟೆ. ಬಿಟ್ಟದ್ದೇಕೆಂದು ವಿವರಿಸಲು ಮೂರು ಪುಟ ಬರೆದೆ.

ಬೆಳಗ್ಗೆ ಬಯಲಿಗೆ ಹೋದಾಗ ಇಬ್ಬನಿ ಆರಿರಲಿಲ್ಲ. ಒಂದು ಶಾಮಿಯಾನ, ನೂರಾರು ಜನ, ಸಾಲಾಗಿ ನಿಲ್ಲಿಸಿದ ಹತ್ತಾರು ವಿಮಾನಗಳು. ಸಂಘಟಕರು ಬೆಳಗಾವಿಯಿಂದ ಬಂದಿದ್ದ ನಿವೃತ್ತ ಸೈನ್ಯಾಧಿಕಾರಿ. ನನ್ನ ಸ್ನೇಹಿತರಿಗೆ ಹಾರಿಸುವುದನ್ನು ಕಲಿಸಿದವರು. ಅವರು ನನ್ನ ಕೈ ಕುಲುಕಿ, “ಐದ ನಿಮಿಷ ಸಾಕ್ರಿ ಸರ, ಸಣ್ಣ ವಿಮಾನ ಮೊದಲ ಹಾರಬೇಕು, ಬಿಸಲೇರಿದ್ರ ಮೂಡಗಾಳಿ ಬೀಸತೈತಿ” ಎಂದರು. ನಾನು ತಲೆಯಾಡಿಸಿದೆ. ಮೂಡಗಾಳಿ ಎಂಬ ಪದ ಹಳೆಯ ಶಾಸನಗಳಲ್ಲಿ ಎಲ್ಲಾದರೂ ಬಂದಿದೆಯೇ ಎಂದು ಯೋಚಿಸುತ್ತಿದ್ದೆನಾಗಿ ಅದರ ಅರ್ಥದ ಕಡೆ ಗಮನ ಹೋಗಲಿಲ್ಲ. ದೀಪ ಬೆಳಗಿದರು. ಬಟಾಬಯಲಿನಲ್ಲಿ ಅದರ ಕುಡಿ ನೆಟ್ಟಗೆ ನಿಂತಿತ್ತು.

ಮಾತಿಗೆ ತೊಡಗಿದೆ. ಅಮೆರಿಕದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಮೊದಲ ವಿಮಾನ ಹಾರಿಸಿದ್ದು ೧೯೦೩ರ ಡಿಸೆಂಬರ್ ೧೭ರಂದು, ಅದು ಗುರುವಾರವೆಂಬುದನ್ನು ನಾನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಖಚಿತಪಡಿಸಿಕೊಂಡಿದ್ದೇನೆ ಎಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಅಣ್ಣ ನೆಟ್ಟಗಾದರು.

“ಅಂಗಡಿ ಅಣ್ಣತಮ್ಮರೇನ್ರಿ? ಹಾರಿಸಿದಾಂವ ಅಣ್ಣನೋ ತಮ್ಮನೋ?”

ಮೊದಲು ತಮ್ಮ, ಆಮೇಲೆ ಅಣ್ಣ ಎಂದೆ.

“ಹಾಂ. ಕಡೀಕ ಅಣ್ಣ ಬೇಕಾತಲ್ಲ. ಹೇಳ್ರಿ ಸರ, ಛಲೋ ಹೇಳಾಕತ್ತೀರಿ.”

ಇಷ್ಟು ಸಾಕಾಯಿತು ನನಗೆ. ಮೂವತ್ತು ವರ್ಷಗಳ ಉಪನ್ಯಾಸಗಳಲ್ಲಿ ‘ಮುಂದೆ ಹೇಳ್ರಿ’ ಎಂದ ಮೊದಲ ಶ್ರೋತೃ ಅವರು. ಅಂದು ಅಲ್ಲಿ ಎಂಥ ಕೊರೆಯುವ ಗಾಳಿ ಬೀಸುತ್ತಿತ್ತು, ಆ ಗಾಳಿಗೆದುರಾಗಿಯೇ ಅವರು ಹೇಗೆ ಹಾರಿಸಿದರು ಎಂಬುದನ್ನು ವಿವರವಾಗಿ ವರ್ಣಿಸಿದೆ. ಆಮೇಲೆ ಅವರಿಗಿಂತ ಮೊದಲೇ ಹಾರಿದೆವೆಂದವರ ವಾದಗಳನ್ನು ಒಂದೊಂದಾಗಿ ತೆಗೆದುಕೊಂಡು ಖಂಡಿಸಿದೆ.

ಈ ಖಂಡನೆಯ ನಡುವೆ, ಶಾಮಿಯಾನದ ಹೊರಗೆ ನಿಂತಿದ್ದ ನನ್ನ ಸ್ನೇಹಿತರು ಬಗ್ಗಿ ಒಂದು ಹಿಡಿ ಒಣಹುಲ್ಲು ಕಿತ್ತು ಗಾಳಿಗೆ ತೂರಿದರು. ಅದು ನೆಟ್ಟಗೆ ಅವರ ಕಾಲ ಬುಡಕ್ಕೇ ಬಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ತೂರಿದರು. ಈ ಸಲ ಕೊಂಚ ಓರೆಯಾಗಿ ಬಿತ್ತು. ಅವರನ್ನು ನೋಡಿ ಸಂಘಟಕರೂ ತೂರಿದರು. ಲಗ್ನದಲ್ಲಿ ವಧೂವರರಿಗೆ ಅಕ್ಕಿಕಾಳು ಹಾಕುವಂತೆ, ಒಳ್ಳೆಯ ಮಾತಿಗೆ ಹುಲ್ಲು ತೂರುವುದು ವಿಮಾನದವರಲ್ಲಿ ಒಂದು ಪದ್ಧತಿಯಿದ್ದೀತು ಎಂದುಕೊಂಡೆ. ಹಾಗೆ ಅಂದುಕೊಳ್ಳಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಒಂದು ಅಕ್ಷರದ ಬಾಲ ಎಡಕ್ಕೆ ತಿರುಗಿದೆಯೋ ಬಲಕ್ಕೋ ಎಂದು ಮೂರು ತಿಂಗಳು ಸಂಶಯಪಟ್ಟ ಮನುಷ್ಯ, ತನಗೆ ಸಲ್ಲುವ ಗೌರವದ ವಿಷಯದಲ್ಲಿ ಕ್ಷಣಮಾತ್ರವೂ ಸಂಶಯಪಡಲಿಲ್ಲ. ಹುಲ್ಲು ಹೆಚ್ಚು ಹೆಚ್ಚು ಓರೆಯಾಗಿ ಹೋಗುವುದನ್ನು ಸ್ಪಷ್ಟವಾಗಿ ಗಮನಿಸಿದೆ. ಉತ್ಸಾಹ ಏರುತ್ತಿದೆ ಎಂದುಕೊಂಡೆ. ನಮಸ್ಕರಿಸಿ ಒಂದು ಉಪಪ್ರಕರಣ ಸೇರಿಸಿದೆ.

ಕೊನೆಗೆ ತೂರಿದ ಹುಲ್ಲು ಬಂದು ನನ್ನ ಕನ್ನಡಕದ ಮೇಲೆ ಕೂತಿತು. ದೀಪ ಆರಿತ್ತು. ನನ್ನ ಟಿಪ್ಪಣಿಯ ಹಾಳೆಗಳು ಹಾರಿ ಹೋದವು. ಅಂದು ಆ ಬಯಲಿನಲ್ಲಿ ಮೊದಲು ಹಾರಿದ್ದು ಅವೇ.

ಹೊರಗೆ ಬಂದಾಗ ಸಂಘಟಕರು ವಿಮಾನಗಳ ಸಾಲಿನ ಮುಂದೆ ನಿಂತಿದ್ದರು. “ದೊಡ್ಡವು ಹಾರ್ತಾವು. ಸಣ್ಣವು ಈ ಗಾಳ್ಯಾಗ ಕಷ್ಟ ಐತಿ” ಎಂದರು. ನನ್ನ ಸ್ನೇಹಿತರ ಕೆಂಪು ವಿಮಾನದ ರೆಕ್ಕೆ, ಕೈಯಲ್ಲಿ ಒತ್ತಿ ಹಿಡಿದಿದ್ದರೂ, ಕಟ್ಟಿದ ಕರುವಿನಂತೆ ಜಗ್ಗುತ್ತಿತ್ತು. ಅಣ್ಣ ಬಂದರು.

“ಹೂಂ, ಹಾರಸು. ನನಗ ಲಗ್ನಕ್ಕ ಹೋಗೋದೈತಿ.”

“ಗಾಳಿ ಬಂತು ಅಣ್ಣಾ.”

“ಬಂದ್ರೇನಾತು? ಆ ಸೈಕಲ್ಲ ಅಂಗಡ್ಯಾವ್ರು ಗಾಳ್ಯಾಗ ಹಾರಿಸಿದ್ರಂತ ಈಗರ ಸರ ಹೇಳಿದ್ರಲ್ಲ!”

ಎಲ್ಲರೂ ನನ್ನತ್ತ ನೋಡಿದರು. ಸ್ನೇಹಿತರ ದೃಷ್ಟಿಯನ್ನು ಎದುರಿಸಲಾರದೆ ನಾನು, ಅವರದು ಮನುಷ್ಯ ಮಲಗಿ ಹಾರಿಸುವಷ್ಟು ದೊಡ್ಡ ವಿಮಾನವೆಂದೂ, ಮೇಲಾಗಿ ಅದೇ ದಿನ, ನೆಲದ ಮೇಲೆ ನಿಂತಿದ್ದಾಗಲೇ, ಗಾಳಿಗೆ ಮಗುಚಿ ಮುರಿದುಹೋಯಿತೆಂದೂ ಹೇಳಿದೆ.

“ಅದನ್ನ ಭಾಷಣದಾಗ ಯಾಕ ಹೇಳಲಿಲ್ರಿ?”

“ಸಮಯ ಸಾಲಲಿಲ್ಲ,” ಎಂದೆ.

ಸಂಘಟಕರು ನಕ್ಕ ರೀತಿಗೆ ಸುತ್ತಲಿನವರೂ ನಗತೊಡಗಿದರು. ನಗದಿದ್ದವರು ಅಣ್ಣತಮ್ಮಂದಿರಿಬ್ಬರೇ. ಸ್ನೇಹಿತರು ರೆಕ್ಕೆಯಿಂದ ಕೈ ತೆಗೆಯದೆ, “ಒಲ್ಲೆ ಅಣ್ಣಾ. ಈಗ ಬಿಟ್ರ ಮಂದಿ ಮ್ಯಾಲ ಬಿದ್ದೀತು” ಎಂದರು. ಅಣ್ಣ ಒಂದು ಕ್ಷಣ ಅವರನ್ನೇ ದಿಟ್ಟಿಸಿದರು. ಆ ಪದವನ್ನು ತಮ್ಮನ ಬಾಯಲ್ಲಿ ಅವರು ಕೇಳಿದ್ದು ಅದೇ ಮೊದಲಿರಬೇಕು. “ಹಂಗಾರ ಮಾತು ಮಾತ. ಚೀಲ ತರಸ್ತೇನಿ,” ಎಂದು ಲಗ್ನಕ್ಕೆ ಹೊರಟುಹೋದರು.

ದೊಡ್ಡ ವಿಮಾನಗಳು ಹಾರಿದವು, ಮಗುಚಿ ಸುತ್ತಿದವು, ಜನ ಚಪ್ಪಾಳೆ ತಟ್ಟಿದರು. ನಾನೇನೂ ನೋಡಲಿಲ್ಲ. ಸ್ನೇಹಿತರ ಪಕ್ಕದಲ್ಲಿ ನೆಲದ ಮೇಲೆ ಕೂತು ಕ್ಷಮೆ ಕೇಳುತ್ತಿದ್ದೆ. ಅಲ್ಲಿಯೂ ಪೀಠಿಕೆ ಉದ್ದವಾಯಿತು. “ಇರ್ಲಿ ಬಿಡ್ರಿ ಸರ, ಕರದಾಂವ ನಾನ” ಎಂದು ಅವರು ತಡೆದರು. ಮಧ್ಯಾಹ್ನ ಬೆಳಗಾವಿಯವರು ಗಾಡಿ ಹೇರಿಕೊಂಡು ಹೊರಟರು. ಜನ ಚದುರಿದರು. ನಾವು ಮಾತ್ರ ಕೂತೇ ಇದ್ದೆವು. ಮನೆಗೆ ಹೋಗಲು ಇಬ್ಬರಿಗೂ ಧೈರ್ಯವಿರಲಿಲ್ಲ.

ಸಂಜೆ, ಹೊತ್ತು ಇಳಿಯುತ್ತಿದ್ದಾಗ, ಜೋಳದ ತೆನೆಗಳು ತೂಗುವುದನ್ನು ನಿಲ್ಲಿಸಿದವು. ಸ್ನೇಹಿತರು ಹುಲ್ಲು ಕಿತ್ತು ತೂರಿದರು. ಅದು ಅವರ ಕಾಲ ಮೇಲೆ ಬಿತ್ತು. ಎದ್ದು ಎಂಜಿನ್ ಚಾಲೂ ಮಾಡಿದರು.

ಕೆಂಪು ವಿಮಾನ ಹುಲ್ಲಿನ ಮೇಲೆ ಕುಣಿಯುತ್ತ ಓಡಿ ನೆಲ ಬಿಟ್ಟಿತು. ಜೋಳದ ಹೊಲದ ಮೇಲೆ ಹೋಗಿ, ವಾಲಿ, ತಿರುಗಿ ನಮ್ಮ ಕಡೆ ಬಂತು. ಇಳಿಬಿಸಿಲು ಹಾಳೆಯ ಮೂಲಕ ಹಾಯ್ದು ಒಳಗಿನ ಒಂದೊಂದು ಕಡ್ಡಿಯೂ ಎಲೆಯ ನರಗಳಂತೆ ಕಾಣುತ್ತಿತ್ತು. ಮಹಡಿಯ ಕೋಣೆಯಲ್ಲಿ ಅವನ್ನು ಒಂದೊಂದಾಗಿ ಅಂಟಿಸುವುದನ್ನು ನಾನು ಕಂಡಿದ್ದೆ. ಈಗ ಅವೆಲ್ಲ ಒಟ್ಟಿಗೆ ಆಕಾಶದಲ್ಲಿದ್ದವು. ಸ್ನೇಹಿತರ ತುಟಿಗಳು ಅಲುಗುತ್ತಿದ್ದವು. ಒಬ್ಬರೇ ಇಳಿಸುವುದು ಅವರಿಗೆ ಹಿಂದೆಂದೂ ಸಾಧ್ಯವಾಗಿರಲಿಲ್ಲವೆಂದು ನನಗೆ ಗೊತ್ತಿತ್ತು. ಎಂಜಿನ್ನಿನ ಸದ್ದು ಇಳಿಯಿತು. ಆಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ವಿಮಾನ ಹುಲ್ಲಿನಲ್ಲಿ ನಿಂತಿತ್ತು, ಇಡಿಯಾಗಿ. ಶಾಮಿಯಾನದವರು ನಮಗೆ ಬೆನ್ನು ಹಾಕಿ ಕುರ್ಚಿಗಳನ್ನು ಪೇರಿಸುತ್ತಿದ್ದರು.

ಹೀಗೆ ನಾನು ಏಕೈಕ ಸಾಕ್ಷಿಯಾದೆ. ಒಂಟಿ ಸಾಕ್ಷ್ಯವನ್ನು ನಂಬಬಾರದೆಂದು ಹತ್ತಾರು ಲೇಖನ ಬರೆದಿದ್ದವನು ಅಂದು ದೀಪ ಹಚ್ಚುವ ಹೊತ್ತಿಗೆ ಸ್ನೇಹಿತರ ಹಿಂದೆ ಅವರ ಮನೆಯ ಪಡಸಾಲೆ ಹೊಕ್ಕೆ. ಲಗ್ನದ ಊಟ ಮುಗಿಸಿ ಬಂದ ಅಣ್ಣ ಎಲೆಅಡಿಕೆ ಹಾಕಿಕೊಳ್ಳುತ್ತ ತೂಗುಮಂಚದ ಮೇಲಿದ್ದರು. ಶೇಂಗಾ ಚೀಲಗಳು ಬಾಗಿಲ ಬಳಿ ಆಗಲೇ ಬಂದು ಬಿದ್ದಿದ್ದವು.

“ಹಾರಿತು ಅಣ್ಣಾ. ಇಳೀತು. ಮುರದಿಲ್ಲ, ನೋಡು.”

ಅಣ್ಣ ವಿಮಾನವನ್ನು ತಿರುಗಿಸಿ ಮುರುಗಿಸಿ, ಕಾಳಿನ ಮಾದರಿಯನ್ನು ಅಂಗೈಯಲ್ಲಿ ನೋಡುವಂತೆ ನೋಡಿದರು. “ಮುರದಿಲ್ಲ ಖರೆ. ಹಾರಸದಿದ್ರೂ ಮುರಿಯೂದಿಲ್ಲ. ಯಾರ ನೋಡ್ಯಾರ?”

“ಸರ ನೋಡ್ಯಾರ.”

ಅಣ್ಣ ನನ್ನತ್ತ ತಿರುಗಿದರು. “ಹೇಳ್ರಿ ಸರ. ಇತಿಹಾಸ ಬ್ಯಾಡ. ಇವತ್ತಿಂದಷ್ಟ ಹೇಳ್ರಿ.”

ಹಾರಿದ್ದನ್ನು ಕಂಡೆ ಎಂದೆ. ಹೊಲದ ಮೇಲೆ ಸುತ್ತಿದ್ದನ್ನು ಕಂಡೆ ಎಂದೆ.

“ಇಳದದ್ದು?”

ಸ್ನೇಹಿತರು ನನ್ನನ್ನೇ ನೋಡುತ್ತಿದ್ದರು. ‘ಕಂಡೆ’ ಎಂಬುದು ಎರಡಕ್ಷರದ ಮಾತು. ಅದನ್ನು ಹೇಳಲು ಬಾಯಿ ತೆರೆದೆ ಕೂಡ. ಆದರೆ ಕಾಣದ್ದನ್ನು ಕಂಡೆನೆಂದು ಬರೆದವರ ಮಾನ ಕಳೆಯುವುದೇ ನನ್ನ ಕಸುಬಾಗಿತ್ತು. ನಾಲಗೆ ಆ ಕಡೆ ತಿರುಗಲೇ ಇಲ್ಲ.

“ಇಳಿಯುವಾಗ ನಾನು ಕಣ್ಣು ಮುಚ್ಚಿದ್ದೆ,” ಎಂದೆ.

ಸ್ನೇಹಿತರು ತಲೆಯ ಮೇಲೆ ಕೈಯಿಟ್ಟುಕೊಂಡು ಚೀಲದ ಮೇಲೆ ಕೂತರು. “ಅಯ್ಯೋ ಸರ! ಅಷ್ಟೊತ್ತು ಮಾತಾಡಿದ್ರಿ, ಒಂದ ಚೂರು ನೋಡಾಕ ಆಗಲಿಲ್ಲೇನ್ರಿ?”

“ಯಾಕ ಮುಚ್ಚಿದ್ರಿ?” ಎಂದು ಅಣ್ಣ ಕೇಳಿದರು.

“ಹೆದರಿಕೆಯಾಯಿತು. ಮುರಿದರೆ ನನ್ನಿಂದಲೇ ಮುರಿದಂತೆ.”

ಅಣ್ಣ ಎದ್ದು ಹೋಗಿ ಅಂಗಳದಲ್ಲಿ ಎಲೆ ಉಗುಳಿ ಬಂದರು. ಮುಖದ ಮೇಲೆ ನಗು ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು. “ಪ್ಯಾಟ್ಯಾಗ ದಿನಾ ಸುಳ್ಳ ಕೇಳತೇನಿ ನಾ. ಸುಳ್ಳ ಹೇಳಾಕ ಬಂದಾಂವ ಕಣ್ಣ ಮುಚ್ಚಿದ್ದೆ ಅನ್ನಾಂಗಿಲ್ಲ. ನೀರ ಕುಡದಷ್ಟ ಸಲೀಸಾಗಿ ನೋಡೀನಿ ಅಂತಾನ. ಹಾರೈತಿ.” ತಮ್ಮನ ಕಡೆ ತಿರುಗಿ, “ಏಳು. ಚೀಲ ಕೆಳಗಿನ ಕ್ವಾಣ್ಯಾಗ ಹಾಕಸು. ಐತವಾರ ಅಷ್ಟ ನೋಡು, ಸಂತಿ ದಿನಾ ಮುಟ್ಟಿದ್ರ ನನ್ನಷ್ಟು ಕೆಟ್ಟಾಂವ ಇಲ್ಲ” ಎಂದರು.

ಸ್ನೇಹಿತರಿಗೆ ರೆಕ್ಕೆ ಬಿಚ್ಚುವಷ್ಟು ತಾಳ್ಮೆ ಇರಲಿಲ್ಲ. ಇಡೀ ವಿಮಾನವನ್ನು ಎತ್ತಿಕೊಂಡು ಮಹಡಿ ಹತ್ತತೊಡಗಿದರು. ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡಿತು. ನೆರವಾಗಲೆಂದು ನಾನು ಮುಂದಾದೆ. “ಸರ, ನೀವು ಬಾಜೂಕ ಸರೀರಿ” ಎಂದು ಅಣ್ಣ ನನ್ನನ್ನು ದಾಟಿ ಎರಡು ಮೆಟ್ಟಿಲು ಹತ್ತಿದರು. ಲಗ್ನಕ್ಕೆ ಉಟ್ಟಿದ್ದ ಜರಿಯಂಚಿನ ಧೋತರವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯನ್ನು ಬಾಲದ ಹತ್ತಿರ ಒಯ್ದು, ಮುಟ್ಟದೆ ತಡೆದು ನಿಂತರು.

“ಎಲ್ಲೆ ಹಿಡೀಲಿ? ಮುರೀತೈತೇನ?”