ಟಾರ್ಚ್ ಮೇಷ್ಟ್ರ ಪರೀಕ್ಷೆ

ನಿವೃತ್ತ ಗಣಿತದ ಮೇಷ್ಟ್ರು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿದರೆ ನಾನು ಮಾತಿಲ್ಲದೆ ಒಂದು ಬಕೆಟ್ ನೀರು ತಂದಿಡುತ್ತೇನೆ, ಯಾಕೆಂದರೆ ಎಲ್‌ಇಡಿ ಟಾರ್ಚು ಆರಿಸುವುದು ಅವರಿಗೆ ಅಳಿಯನನ್ನು ಆರಿಸಿದ ಹಾಗೆ. ಮೊದಲು ಸೊಂಟದೆತ್ತರದಿಂದ ನೆಲಕ್ಕೆ ಬೀಳಿಸುತ್ತಾರೆ, ಆಮೇಲೆ ನೀರಲ್ಲಿ ಮುಳುಗಿಸುತ್ತಾರೆ, ಒದ್ದೆ ಟಾರ್ಚು ಹಿಡಿದು ಕತ್ತಲೆಯ ಗೋದಾಮಿಗೆ ಹೋಗಿ ಮೂಲೆಯ ರಟ್ಟಿನ ಪೆಟ್ಟಿಗೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಾರೆ. "ಮಾಮೂಲಿ ಸೆಲ್ಲು ಹಾಕ್ಬಹುದಾ? ಕರೆಂಟೇ ಇಲ್ಲದ ದಿನ ಎಲ್ಲಿ ಚಾರ್ಜ್ ಮಾಡ್ಲಿ?" ಎಂದು ನನ್ನನ್ನೇ ಬೆಂಚಿನ ಮೇಲೆ ನಿಲ್ಲಿಸಿದವರಂತೆ ಕೇಳುತ್ತಾರೆ. ಇಷ್ಟೆಲ್ಲ ಗೆದ್ದು ಬಂದ ಟಾರ್ಚನ್ನು ಕೊನೆಗೆ ಎದೆಗಾನಿಸಿಕೊಂಡು, ಎಡಗೈಯ ಕಿರುಬೆರಳಲ್ಲಿ ಸ್ವಿಚ್ ಒತ್ತಿ ನೋಡಿ, ಅದು ಬಗ್ಗದಿದ್ದರೆ "ನಪಾಸು" ಎಂದು ವಾಪಸ್ ಇಡುತ್ತಾರೆ. ಹೀಗೆ ಹನ್ನೊಂದು ಟಾರ್ಚುಗಳು ಮಣ್ಣುಮುಕ್ಕಿದವು. "ಕಿರುಬೆರಳಲ್ಲಿ ಯಾರು ಸಾರ್ ಟಾರ್ಚ್ ಹಾಕ್ತಾರೆ?" ಎಂದು ನಾನು ನಗುತ್ತಿದ್ದೆ. ಇವತ್ತು ಬೆಳಿಗ್ಗೆ ಹನ್ನೆರಡನೆಯದು ಆ ಬೆರಳಿಗೆ ಸಲೀಸಾಗಿ ಹೊತ್ತಿಕೊಂಡಿತು. ಮೇಷ್ಟ್ರು ಫಲಿತಾಂಶ ಹೇಳದೆ ಹೊರಗೆ ಹೋಗಿ, ಆಟೋದಲ್ಲಿ ಕೂತಿದ್ದ ಹೆಂಡತಿಯನ್ನು ತೋಳು ಹಿಡಿದು ಕರೆತಂದರು. ಸಂಧಿವಾತಕ್ಕೆ ಆಕೆಯ ಬೆರಳುಗಳೆಲ್ಲ ಮಡಿಚಿಕೊಂಡಿದ್ದವು. ಎಡಗೈಯ ಕಿರುಬೆರಳೊಂದು ಮಾತ್ರ ಇನ್ನೂ ಹೇಳಿದ ಮಾತು ಕೇಳುತ್ತಿತ್ತು. ಆಕೆ ಟಾರ್ಚನ್ನು ಎದೆಗಾನಿಸಿಕೊಂಡು ಆ ಬೆರಳಿಂದ ಸ್ವಿಚ್ ಒತ್ತಿದರು. ಬೆಳಕು ನೇರ ಗಂಡನ ಮುಖಕ್ಕೇ ಬಿತ್ತು. "ಇನ್ಮೇಲೆ ಕರೆಂಟ್ ಹೋದ್ರೆ ನಿಮ್ಮನ್ನ ಕೂಗಲ್ಲ, ನೀವಿದ್ದಲ್ಲಿಗೆ ನಾನೇ ಬರ್ತೀನಿ," ಎಂದರು. ಮೇಷ್ಟ್ರು ಕಣ್ಣಿಗೆ ಕೈ ಅಡ್ಡ ಹಿಡಿಯದೆ ಹಾಗೇ ನಿಂತು, ಇಡೀ ಅಂಗಡಿಗೆ ಕೇಳುವಂತೆ, "ಪಾಸ್" ಎಂದರು.