ಸೋಬಾನದ ಕ್ಯಾಸೆಟ್ಟಿನ ಮೇಲೆ ಆಯಿಯ ಮುಖ

ಕೋಟನೂರದ ಕಡೆ ಹೊಸದಾಗಿ ಎದ್ದಿರುವ ಮದುವೆ ಹಾಲ್ ಒಂದರಲ್ಲಿ ಹೋದ ತಿಂಗಳು ಅರಿಶಿನ ಶಾಸ್ತ್ರವಿತ್ತು. ಎಣ್ಣೆಯಲ್ಲಿ ಕಲಸಿದ ಅರಿಶಿನದ ವಾಸನೆ ಏಸಿಯ ತಣ್ಣನೆ ಗಾಳಿಯಲ್ಲಿ ನಾನು ಕೂತಲ್ಲಿಯ ತನಕ ಬಂತು. ಅಂಗಡಿಯ ಪ್ಯಾಕೆಟಿನ ಅರಿಶಿನ, ಪ್ಲಾಸ್ಟಿಕ್ ಬಟ್ಟಲು. ಆದರೂ ವಾಸನೆ ಅದೇ. ನನಗೆ ಸಿಟ್ಟು ಬಂತು. ಮುಖ ಎಷ್ಟು ಕೆಟ್ಟಿತ್ತೆಂದರೆ ಪಕ್ಕದಲ್ಲಿದ್ದವರು, ಊಟಕ್ಕೆ ತಡವಾಗಿದ್ದಕ್ಕೆ ಸಿಟ್ಟಾಗಿದ್ದೇನೆಂದು ತಿಳಿದು, ಇನ್ನೇನು ಎಲೆ ಹಾಕುತ್ತಾರೆ ಎಂದು ಸಮಾಧಾನ ಹೇಳಿದರು.

ನನಗೆ ನೆನಪಾಗಿದ್ದು ಕಮಲಾಪುರದ ನಮ್ಮ ಎದುರುಮನೆಯ ಆಯಿ. ಓಣಿಗೆಲ್ಲ ಅವಳು ಆಯಿಯೇ, ಅಜ್ಜಿ ಎನ್ನಲು ಆಗಿನ್ನೂ ಐವತ್ತು ದಾಟಿರಲಿಕ್ಕಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದಳು. ಅದರಿಂದಾಗಿ ಅರಿಶಿನದ ಮಣೆಯ ಹತ್ತಿರ ಅವಳನ್ನು ಯಾರೂ ಬಿಡುತ್ತಿರಲಿಲ್ಲ. ಆದರೆ ಸೋಬಾನದ ಪದಗಳು ಅವಳಿಗೆ ಬರುವಷ್ಟು ಇನ್ನಾರಿಗೂ ಬರುತ್ತಿರಲಿಲ್ಲ. ಅವಳ ಕೊರಳಿಲ್ಲದೆ ನಮ್ಮ ಕಡೆಯ ಮದುವೆ ಕಳೆಗಟ್ಟುತ್ತಿರಲಿಲ್ಲ. ಜನ ಇದಕ್ಕೊಂದು ದಾರಿ ಕಂಡುಕೊಂಡಿದ್ದರು. ಆಯಿಯನ್ನು ಅಡುಗೆಮನೆಯ ಬಾಗಿಲ ಹಿಂದೆ ಕೂರಿಸುವುದು. ಅವಳು ಅಲ್ಲಿಂದ ಪದ ಎತ್ತಿಕೊಡುವುದು. ಹೊರಗೆ ಮುತ್ತೈದೆಯರು ಮದುಮಗಳಿಗೆ ಅರಿಶಿನ ಹಚ್ಚುತ್ತ ಆ ಸಾಲನ್ನು ಹಿಡಿದು ಹಾಡುವುದು. ಅವಳ ಕೊರಳು ಶುಭ, ಮುಖ ಅಶುಭ. ಇದನ್ನು ಯಾರೂ ತಪ್ಪೆಂದು ತಿಳಿದಿರಲಿಲ್ಲ. ಆಯಿಗೆ ಬಾಗಿಲ ಹಿಂದೆಯೇ ತಟ್ಟೆ ತುಂಬ ಹೋಳಿಗೆ ಹೋಗುತ್ತಿತ್ತು, ಅದೇ ದೊಡ್ಡ ಮರ್ಯಾದೆ ಎನ್ನುವಂತೆ.

ತೊಂಬತ್ತರ ದಶಕದ ಆರಂಭ ಅದು. ನಮ್ಮ ಜಿಲ್ಲಾ ಕೇಂದ್ರದ ಹೆಸರು ಇನ್ನೂ ಗುಲ್ಬರ್ಗಾ. ಅಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಸೇಠ್ ಒಬ್ಬ ಮಹಾಗಾಂವದ ಮದುವೆಗೆ ಹೋಗಿದ್ದಾಗ ಬಾಗಿಲ ಹಿಂದಿನ ಕೊರಳು ಕೇಳಿ, ಅದು ಯಾರದೆಂದು ವಿಚಾರಿಸಿ, ನಮ್ಮ ಓಣಿಗೆ ಬಂದ. ಹಾಡು ತುಂಬಿಸಿ ಕ್ಯಾಸೆಟ್ ತರುತ್ತೇನೆ, ಮೇಲೆ ನಿಮ್ಮ ಫೋಟೋ ಹಾಕುತ್ತೇನೆ ಎಂದ. ಹಾಡಿಗೆ ಏನು ಕೊಡುತ್ತೀ ಎಂದು ಆಯಿ ಕೇಳಲೇ ಇಲ್ಲ. ಫೋಟೋ ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದಳು.

ನಾನು ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದೆ. ಕ್ಯಾಸೆಟ್ಟಿನ ಮುಖಪುಟದ ಮಡಿಕೆಯೊಳಗೆ ಪದಗಳ ಹೆಸರು ಬರೆದುಕೊಡುವ ಕೆಲಸ ನನಗೆ ಬಂದದ್ದರಿಂದ ಆ ಅಂಗಡಿಗೆ ಹೋಗಿಬರುವುದು ನಡೆದಿತ್ತು. ಎಲ್ಲವನ್ನೂ ಸಂಶಯದಿಂದ ನೋಡಬೇಕೆಂದು ನಮಗೆ ತರಗತಿಯಲ್ಲಿ ಕಲಿಸಿದ್ದರು. ಆ ಸಂಶಯ ಈಗ ನನ್ನ ನೆನಪನ್ನೇ ತಿನ್ನುತ್ತಿದೆ. ಖೂಬಾ ಪ್ಲಾಟ್ ಬಡಾವಣೆಯ ಸ್ಟುಡಿಯೋದಲ್ಲಿ ಫೋಟೋ ತೆಗೆಸುವ ದಿನ ಆಯಿ ನೀಲಿ ಸೀರೆ ಉಟ್ಟಿದ್ದಳೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಫೋಟೋ ಕಪ್ಪು ಬಿಳುಪಿನದು. ಅದಕ್ಕೆ ಬಣ್ಣ ತುಂಬಿದವನು ಸ್ಟುಡಿಯೋದ ಆರ್ಟಿಸ್ಟ್. ನೀಲಿ ಆಯಿಯ ಸೀರೆಯದೋ ಅವನ ಕುಂಚದ್ದೋ... ನಮ್ಮವ್ವ ಮಾತ್ರ ಆಯಿಯ ಹತ್ತಿರ ನೀಲಿ ಸೀರೆಯೇ ಇರಲಿಲ್ಲ ಎನ್ನುತ್ತಿದ್ದಳು.

ಆಯಿಯ ಹಣೆಯ ನಡುವೆ ಹಚ್ಚೆ ಇತ್ತು. ಇದು ಸತ್ಯ. ಗಂಡ ಸತ್ತಾಗ ಕುಂಕುಮ ಅಳಿಸಿದವರಿಗೆ ಅದನ್ನು ಅಳಿಸಲಾಗಿರಲಿಲ್ಲ. ಒಂದೇ ಬೊಟ್ಟೋ, ಚಂದ್ರನ ಆಕಾರವೋ, ಅದು ಮಾತ್ರ ನನಗೆ ನಿಶ್ಚಯವಿಲ್ಲ.

ಸೇಠನದೊಂದು ಪದ್ಧತಿ ಇತ್ತು. ಮುಖಪುಟವನ್ನು ಅಚ್ಚಿಗೆ ಕೊಡುವ ಮೊದಲು ಕೈಯಿಂದ ಮಾಡಿದ ಒಂದು ನಮೂನೆಯನ್ನು ಖಾಲಿ ಡಬ್ಬಿಯೊಳಗೆ ಸೇರಿಸಿ, ಕೌಂಟರಿನ ಮೇಲೆ ಉಳಿದ ಕ್ಯಾಸೆಟ್ಟುಗಳ ನಡುವೆ ಇಡುತ್ತಿದ್ದ. ಟೇಪಿನಲ್ಲಿ ಅದರ ಹಾಡು ಹಚ್ಚುತ್ತಿದ್ದ. ಹಾಡು ಕೇಳಿದ ಗಿರಾಕಿ ಡಬ್ಬಿಯನ್ನು ಕೈಗೆತ್ತಿಕೊಂಡರೆ ಅವರ ಮುಖವನ್ನೇ ನೋಡುತ್ತಿದ್ದ. ಕೆಳಗಿಟ್ಟರೆ ಯಾಕೆಂದು ಕೇಳುತ್ತಿದ್ದ. ಅವರು ಹೇಳಿದಂತೆ ಆರ್ಟಿಸ್ಟನಿಂದ ತಿದ್ದಿಸಿ ಮತ್ತೆ ಇಡುತ್ತಿದ್ದ. ಪಬ್ಲಿಕ್ ಹೇಳಿದ್ದು ಎಂದೂ ಸುಳ್ಳಾಗುವುದಿಲ್ಲ ಎಂಬುದು ಅವನ ನಂಬಿಕೆ. ಆ ‘ಪಬ್ಲಿಕ್’ ಎನ್ನುವ ಪದ ಕೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮೊದಲ ನಮೂನೆ ಚೆನ್ನಾಗಿತ್ತು. ಸುತ್ತ ನಮ್ಮೂರಿನ ಕೆಂಪು ಬಾಳೆಯ ಗೊನೆಗಳ ಕಮಾನು, ನಡುವೆ ಆಯಿ. ಹಚ್ಚೆಯ ಹಣೆ, ತಲೆಯ ಮೇಲೆ ಸೆರಗು, ನೇರ ನೋಟ. ಕೆಂಪು ಬಾಳೆ ದೂರದವರಿಗೆ ಕೊಳೆತಂತೆ ಕಾಣುತ್ತದೆ ಎಂದು ಯಾರೋ ಗಿರಾಕಿ ಅಂದರಂತೆ. ಅವು ಹಳದಿಯಾದವು. ನಾನು ಊರಿಗೆ ಹೋದಾಗ ಇದನ್ನು ಹೇಳಿದೆ. ಆಯಿ ನಕ್ಕುಬಿಟ್ಟಳು.

“ಬಾಳಿಹಣ್ಣಿಗೂ ಅರಷಿಣ ಹಚ್ಚ್ಯಾರೇನು? ಯಾವಾಗಂತ ಮದುವಿ?”

ಆಮೇಲೆ ನಗುವಂಥದ್ದು ಉಳಿಯಲಿಲ್ಲ. ಮಗಳ ಮದುವೆಯ ಸಾಮಾನು ಕೊಳ್ಳಲು ಬಂದಿದ್ದ ಒಬ್ಬ ಹೆಂಗಸು ಹಾಡು ಕೇಳಿ ಅಲ್ಲೇ ನಿಂತಳು. ಅವತ್ತು ನಾನು ಅಂಗಡಿಯಲ್ಲಿದ್ದೆ. ಎರಡು ಪದ ಪೂರ್ತಿ ಕೇಳಿದಳು, ಕಣ್ಣಲ್ಲಿ ನೀರು ತಂದುಕೊಂಡಳು. ಡಬ್ಬಿ ನೋಡಿದವಳೇ ಕೆಂಡ ಮುಟ್ಟಿದಂತೆ ಇಟ್ಟಳು.

“ಹಾಡು ಭಾಳ ಛಂದ ಅದಾವ್ರಿ. ಆದ್ರ ಹಣಿ ಬೋಳ ಅದ. ಅರಷಿಣದ ದಿನ ಇಂಥಾ ಮುಖ ಮನ್ಯಾಗ ಹ್ಯಾಂಗ ಇಡೂದು?”

ಮುಂದಿನ ವಾರ ಫೋಟೋದ ಹಣೆಯ ಮೇಲೆ ಕಾಸಗಲ ಕುಂಕುಮ ಬಂತು. ಹಚ್ಚೆ ಅದರಡಿ ಮುಚ್ಚಿಹೋಯಿತು. ಕುಂಕುಮ ಬಂದಮೇಲೆ ಇನ್ನೊಬ್ಬರು ಕೊರಳು ಖಾಲಿ ಎಂದರು, ತಾಳಿ ಬಂತು. ಕಮಲಾಪುರದ ಬಸ್ ಸ್ಟ್ಯಾಂಡಿನ ಪಾನ್ ಅಂಗಡಿಗೂ ಆ ಡಬ್ಬಿ ಹೋಯಿತು. ಅಲ್ಲಿಯವರು ವಯಸ್ಸಾಗಿದೆ ಎಂದರು. ಗಲ್ಲ ತುಂಬಿತು, ಕಣ್ಣ ಸುತ್ತಲಿನ ಗೆರೆಗಳು ಹೋದವು. ಎಲ್ಲ ತಿದ್ದುಪಡಿಯೂ ಅದೇ ಒಂದು ಫೋಟೋದ ಮೇಲೆ, ಬಣ್ಣದ ಮೇಲೆ ಬಣ್ಣ. ನಾನು ಸೇಠನ ಜೊತೆ ಜಗಳವಾಡಿದೆ. ಇದು ಹಾಡಿದವಳ ಮುಖ, ನಿಮ್ಮ ಗಿರಾಕಿಯ ಮುಖವಲ್ಲ ಎಂದೆ. ಓದಿದವನು ಮಾತಾಡಿ ಎದ್ದುಹೋಗುತ್ತಾನೆ, ಮಾಲು ಮಾರಬೇಕಾದವನು ತಾನು ಎಂದು ಅವನು ನಕ್ಕ. ಕೆಟ್ಟ ಮನುಷ್ಯನಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಕೆಟ್ಟವನಲ್ಲ, ಆಯಿ ಬಂದರೆ ಎದ್ದು ನಿಂತು ಕುರ್ಚಿ ಕೊಡುತ್ತಿದ್ದ.

ಆಯಿ ಬಂದೇ ಬಂದಳು. ಆ ಹೊತ್ತಿಗೆ ಅಂಗಡಿಯಲ್ಲಿ ಮೂರ್ನಾಲ್ಕು ಹೆಂಗಸರಿದ್ದರು, ಟೇಪಿನಲ್ಲಿ ಅವಳದೇ ಹಾಡು. ಡಬ್ಬಿಯನ್ನು ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಇವಳು ಯಾರೆಂದು ಕೇಳುತ್ತಾಳೆ ಎಂದುಕೊಂಡೆ. ಕೇಳಲಿಲ್ಲ. ತಲೆಯ ಮೇಲಿನ ಸೆರಗು ಹಿಂದೆ ಸರಿಸಿ, ಕೌಂಟರಿನ ಮೇಲೆ ಬಾಗಿ, ತನ್ನ ಹಣೆಯನ್ನು ಸೇಠನ ಮುಂದೆ ಒಡ್ಡಿದಳು. ಅವನ ಬೆನ್ನ ಹಿಂದೆ ಲಕ್ಷ್ಮಿಯ ಪಟವಿತ್ತು, ಅದರ ಕೆಳಗೆ ಕುಂಕುಮದ ಭರಣಿ.

“ಕಾಗದಕ್ಕ ಹಚ್ಚಲಾಕ ನಿನಗ ಧೈರ್ಯ ಅದ. ಭರಣಿ ಅಲ್ಲೇ ಅದ ನೋಡು. ನನಗ ಹಚ್ಚು.”

ಸೇಠ್ ಕೈಕಟ್ಟಿ ನಿಂತ. “ಹಂಗಲ್ರಿ ಆಯಿ... ನಂದೇನೂ ಇಲ್ಲ ಇದರಾಗ. ಪಬ್ಲಿಕ್ ಹೇಳ್ತದ.”

“ಪಬ್ಲಿಕ್ ಅಂದ್ರ ಇವರೇ ಏನು?” ಆಯಿ ಆ ಹೆಂಗಸರ ಕಡೆ ತಿರುಗಿದಳು. “ನೀವರ ಹಚ್ರವ್ವ. ನಿಮ್ಮಂಥವರ ಮದುವಿಗೆ ಹಾಡಿ ಹಾಡಿ ನನ್ನ ಕೊರಳು ಹರದದ.”

ಒಬ್ಬಳು ಮಗುವಿನ ಟೊಪ್ಪಿಗೆ ಸರಿಮಾಡಿದಳು. ಒಬ್ಬಳು ಹೊರಗೆ ಬಸ್ಸಿನ ಕಡೆ ನೋಡಿದಳು. ಟೇಪು ಮಾತ್ರ ಹಾಡುತ್ತಲೇ ಇತ್ತು. ನಿಲ್ಲಿಸಲು ಯಾರಿಗೂ ಹೊಳೆಯಲಿಲ್ಲ.

ಆಯಿ ಸೆರಗು ಹೊದ್ದುಕೊಂಡಳು. ತನ್ನ ಫೋಟೋ ತನಗೆ ಕೊಡು ಎಂದಳು. ಸೇಠ್ ಡಬ್ಬಿಯಿಂದ ಅದನ್ನು ತೆಗೆದುಕೊಟ್ಟ. ಅವನ ಮುಖದಲ್ಲಿ ಕಂಡದ್ದು ನಾಚಿಕೆಯೋ ಪೀಡೆ ಕಳೆದ ನಿರಾಳವೋ, ಅಂದೂ ತಿಳಿಯಲಿಲ್ಲ. ಹೇಗಿದ್ದರೂ ಹಾಡು ಅವನ ಹತ್ತಿರ ಉಳಿಯಿತು. ಊರಿಗೆ ಹೋಗುವ ಟೆಂಪೊದಲ್ಲಿ ಕೂತು ಆಯಿ ಸೆರಗಿನ ತುದಿಯನ್ನು ನಾಲಗೆಗೆ ತಾಗಿಸಿ ಆ ಕುಂಕುಮವನ್ನು ಒರೆಸತೊಡಗಿದಳು. ಬಣ್ಣ ಬಿಡಲಿಲ್ಲ. ಉಗುರು ಹಾಕಿದಳು. ನಾನು ಬೇಡವೆಂದೆ ಅನಿಸುತ್ತದೆ... ಕುಂಕುಮ ಸಿಪ್ಪೆಯಂತೆ ಎದ್ದು ಬಂತು. ಅದರ ಜೊತೆಗೆ ಫೋಟೋದ ಮೇಲ್ಪದರವೂ ಬಂತು. ಹಣೆಯ ನಡುವೆ, ಹಚ್ಚೆ ಇದ್ದ ಜಾಗದಲ್ಲಿ, ಬಿಳಿಯ ತೂತೊಂದು ಉಳಿಯಿತು. ಆಯಿ ಅದನ್ನು ಮಡಿಲಲ್ಲಿಟ್ಟುಕೊಂಡು ಸೆರಗು ಮುಚ್ಚಿದಳು.

ಕ್ಯಾಸೆಟ್ ಹೊರಬಂತು. ಮುಖಪುಟದ ಮೇಲೆ ಯಾವುದೋ ಕ್ಯಾಲೆಂಡರಿನಿಂದ ತೆಗೆದ ಹದಿನೆಂಟರ ಮದುಮಗಳು, ಮೈತುಂಬ ಬಂಗಾರ. ಆಯಿಯ ಹೆಸರು ಒಳಮಡಿಕೆಯಲ್ಲಿ, ನಾನು ಬರೆದ ಪದಗಳ ಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ. ಬಹಳ ಮಾರಾಟವಾಯಿತು. ಪಬ್ಲಿಕ್ ಹೇಳಿದ್ದು ಸುಳ್ಳಾಗಲಿಲ್ಲ.

ಇದರಿಂದ ಆದದ್ದನ್ನು ನಾವ್ಯಾರೂ ಮೊದಲೇ ಯೋಚಿಸಿರಲಿಲ್ಲ. ಮದುವೆಗಳಿಗೆ ಆಯಿಯನ್ನು ಕರೆಯುವುದು ನಿಂತಿತು. ಅವಳ ಕೊರಳು ಬೇಕು, ಅದು ಕ್ಯಾಸೆಟ್ಟಿನಲ್ಲಿದೆ. ಬಾಗಿಲ ಹಿಂದೆ ಹೆಂಗಸೊಬ್ಬಳನ್ನು ಕೂರಿಸುವ ಗೊಡವೆ ತಪ್ಪಿತು. ನಮ್ಮ ಓಣಿಯಲ್ಲೇ ಒಂದು ಮದುವೆಗೆ ಹಂದರದಲ್ಲಿ ಸ್ಪೀಕರ್ ಕಟ್ಟಿ ಅವಳ ಪದಗಳನ್ನೇ ಹಚ್ಚಿದ್ದರು. ಆಯಿ ತನ್ನ ಹೊಸ್ತಿಲಲ್ಲಿ ಕೂತು ತೊಗರಿಕಾಯಿ ಸುಲಿಯುತ್ತಿದ್ದಳು. ನಾನು ಹತ್ತಿರ ಹೋಗಿ ಕೂತೆ.

“ಇಕಿ ಛಂದ ಹಾಡ್ತಾಳಲ್ಲ ತಮ್ಮಾ,” ಅಂದಳು. “ಮುತ್ತೈದಿ. ನಡುಮನ್ಯಾಗ ಕುಂತು ಹಾಡ್ತಾಳ.”

ಈ ಮಾತನ್ನು ನಾನೇ ಕೇಳಿದೆನೋ, ಅವ್ವನಿಂದ ಕೇಳಿ ನನ್ನದಾಗಿಸಿಕೊಂಡೆನೋ ಎಂದು ಎಷ್ಟೋ ಸಲ ಅನುಮಾನಪಟ್ಟಿದ್ದೇನೆ. ಆದರೆ ಆಯಿಯ ಕೈಯಲ್ಲಿ ಬಿರಿಯುತ್ತಿದ್ದ ತೊಗರಿಕಾಯಿಯ ಸದ್ದು ಈಗಲೂ ಕಿವಿಯಲ್ಲಿದೆ. ಆಮೇಲೆ ಅವಳು ಹಾಡಿದ್ದನ್ನು ನಾನು ಕೇಳಲಿಲ್ಲ. ಸೇಠ್ ಎರಡನೆಯ ಕ್ಯಾಸೆಟ್ಟಿಗೆಂದು ಬಂದಾಗ ಬಾಗಿಲು ಹಾಕಿಕೊಂಡಳಂತೆ. ನಾನು ನೌಕರಿಯ ಮೇಲೆ ರಾಯಚೂರಿನಲ್ಲಿದ್ದಾಗ ತೀರಿಹೋದಳು. ಸುದ್ದಿ ತಿಳಿದದ್ದು ಮಣ್ಣಾದ ಮೇಲೆ.

ಆ ಮದುವೆ ಹಾಲ್‌ನಲ್ಲಿ ಅರಿಶಿನದ ವಾಸನೆ ಬಡಿದ ಮಾರನೆಯ ದಿನ ಕಮಲಾಪುರದ ಬಸ್ಸು ಹತ್ತಿದೆ. ಆಯಿಯ ಆ ಫೋಟೋದ ಹಣೆಯಲ್ಲಿ ತೂತು ಬಿದ್ದಿದ್ದರೂ ಕಣ್ಣು, ಗಲ್ಲ, ಏನಾದರೂ ಬಣ್ಣದಡಿಯಲ್ಲಿ ಉಳಿದಿರಬಹುದು, ಒಮ್ಮೆ ನೋಡಬೇಕು ಎನಿಸಿತ್ತು. ಆಯಿಯ ಮನೆಯಲ್ಲಿ ಈಗ ಅವಳ ತಂಗಿಯ ಮಗಳಿದ್ದಾಳೆ. ಗೋಡೆಯ ಮೇಲೆ ದೊಡ್ಡ ಬಣ್ಣದ ಫೋಟೋ, ಪ್ಲಾಸ್ಟಿಕ್ ಮಲ್ಲಿಗೆಯ ಹಾರ. ಬೆಳ್ಳಗಿನ, ನುಣುಪಾದ ಒಂದು ಮುಖ. ಹಣೆಯಲ್ಲಿ ಉರುಟಾದ ಕುಂಕುಮ.

ಹಳೆಯದು ಹಾಳಾಗಿತ್ತು, ಸಿಟಿಯ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮೇಲೆ ಸರಿಮಾಡಿಸಿದೆವು ಎಂದು ಅವಳು ಹೆಮ್ಮೆಯಿಂದ ಹೇಳಿದಳು. ಸ್ಟುಡಿಯೋದವನು ಮಾಡಿದಂತೆಲ್ಲ ಮೊಬೈಲಿಗೆ ಕಳಿಸುತ್ತಿದ್ದನಂತೆ, ಬೀಗರು ಬಿಜ್ಜರೆಲ್ಲ ನೋಡಿ ಒಂದೊಂದು ಹೇಳಿದರಂತೆ. ಬಣ್ಣ ತಿಳಿ ಮಾಡ್ರಿ, ಹಣೆ ತುಂಬಿಸ್ರಿ.

“ಎಲ್ಲರಿಗೂ ಪಸಂದ್ ಆತ್ರಿ ಕಾಕಾ.”

ಹಳೆಯ ಫೋಟೋ ಎಲ್ಲಿ ಎಂದು ಕೇಳಿದೆ. ನನ್ನ ದನಿ ಏರಿರಬೇಕು, ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

“ಅದರ ಹಿಂದೇ ಅದ ರೀ. ರಟ್ಟಿನ ಜೋಡಿ ಅದನ್ನೂ ಸೇರಿಸಿ ಫ್ರೇಮ್ ಹಾಕ್ಯಾರ.”

ಇಳಿಸಿ ಬಿಚ್ಚೋಣ ಎಂದೆ. ಹಾರ ಹಾಕಿದ ಫೋಟೋವನ್ನು ಸುಮ್ಮಸುಮ್ಮನೆ ಇಳಿಸಬಾರದು ಎಂದು ಚಹಾ ತರಲು ಒಳಗೆ ಹೋದಳು. ಗೋಡೆಯ ಮೇಲಿನ ಆ ಅಪರಿಚಿತ ಹೆಂಗಸಿನ ಎದುರು ಕೂತು ಚಹಾ ಕುಡಿದೆ. ಬಟ್ಟಲು ಕೆಳಗಿಟ್ಟು ಎದ್ದು ಬಂದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿ ಆಯಿಯನ್ನು ತಂದುಕೊಳ್ಳಲು ನೋಡಿದೆ. ಕೊರಳು ಕೂಡಲೇ ಬಂತು, ಪದದ ಮೊದಲ ಎಳೆತದ ಸಮೇತ. ಮುಖ ಬರಲು ಬಹಳ ಹೊತ್ತು ಹಿಡಿಯಿತು. ಬಂದಾಗ ಹಣೆಯ ಮೇಲೆ ಕುಂಕುಮವಿತ್ತು.